ಒಳಗಿನದನ್ನು ತೋರಿಸುವ ಯಂತ್ರ

ಹೊಸ ಯಂತ್ರವೊಂದು ಆಸ್ಪತ್ರೆಯ ಹೊಸ್ತಿಲು ದಾಟಿದರೆ ಯಾರ ರೋಗ ಗುಣವಾಗುತ್ತದೋ ಹೇಳಲಾರೆ, ನಾಲ್ಕು ಜನ ನಗುವಂಥದ್ದು ಮಾತ್ರ ಆಗಿಯೇ ತೀರುತ್ತದೆ. ನಾನು ಸುಲಭವಾಗಿ ನಗುವವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಹಲ್ಲು ತೋರಿಸಬಹುದಾಗಿದ್ದು ದಂತವೈದ್ಯರಿಗೆ ಮಾತ್ರ. ಪುಣೆಯ ಹೆಂಗಸರ ಆಸ್ಪತ್ರೆಯೊಂದರಲ್ಲಿ ನಾನು ಮೇಟ್ರನ್ ಆಗಿದ್ದಾಗ ಎಕ್ಸ್‌ರೇ ಯಂತ್ರ ಬಂತು. ಆ ತಿಂಗಳು ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಯಂತ್ರ ಬಂದದ್ದು ಪರೀಕ್ಷೆಗೆಂದು. ತಿಂಗಳೊಳಗೆ ಒಬ್ಬ ಹೆಂಗಸಿನದಾದರೂ ಎದೆಯ ಚಿತ್ರ ತೆಗೆಯದಿದ್ದರೆ ಅದು ಹೊಳೆಯಾಚೆಯ ಗಂಡಸರ ಆಸ್ಪತ್ರೆಗೆ ಹೋಗುತ್ತದೆ ಎಂದು ಸಮಿತಿಯವರು ಹೇಳಿದ್ದರು. ಕೆಮ್ಮುವ ಹೆಂಗಸರು ನಮ್ಮಲ್ಲಿ ಎರಡು ವಾರ್ಡು ತುಂಬ ಇದ್ದರು. ಯಂತ್ರ ಹೋಗಕೂಡದು ಎಂದು ನಾನು ನಿಶ್ಚಯಿಸಿದೆ.

೧. ಎಂಜಿನಿಯರರ ಭವಿಷ್ಯವಾಣಿ

ಯಂತ್ರ ಕೂಡಿಸಲು ಮುಂಬಯಿಯಿಂದ ಬಂದ ಎಂಜಿನಿಯರರು ಬೆಂಚಿನ ಮೇಲೆ ಕುಳಿತ ಹೆಂಗಸರಿಗೆ ಧೈರ್ಯ ಹೇಳಹೋಗಿ ಭಾಷಣ ಮಾಡಿದರು. ಅವರ ಮರಾಠಿಯನ್ನು ನಾನು ನಮ್ಮ ಕಡೆಯವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಇನ್ನು ಐವತ್ತು ವರ್ಷಕ್ಕೆ ಮನುಷ್ಯರು ಅಡಿಗೆ ಬಿಟ್ಟು ಗುಳಿಗೆ ನುಂಗಿ ಬದುಕುತ್ತಾರೆ ಎಂದರು.

"ನುಂಗಲಿ ಬಿಡ್ರಿ," ಎಂದಳು ಒಬ್ಬ ಸೊಸೆ. "ಗುಳಗಿಗೂ ನಮ್ಮತ್ತಿ ಉಪ್ಪು ಕಡಿಮಿ ಆಗೇದ ಅಂತಾರ."

ಅವರು ಅಲ್ಲಿಗೇ ನಿಲ್ಲಿಸಬಹುದಿತ್ತು. "ಇವತ್ತು ಈ ಯಂತ್ರ ಎಲುಬು ನೋಡುತ್ತದೆ, ನಾಳೆ ಮನಸ್ಸಿನೊಳಗಿನ ವಿಚಾರವನ್ನೂ ನೋಡುತ್ತದೆ," ಎಂದರು. ಅನುವಾದದಲ್ಲಿ ಒಂದಕ್ಷರ ಬಿಡುವುದು ನನಗೆ ರೂಢಿಯಿಲ್ಲ. ಐದು ನಿಮಿಷದಲ್ಲಿ ಬೆಂಚು ಖಾಲಿಯಾಯಿತು. ಒಬ್ಬ ಮುದುಕಿ ಮಾತ್ರ ಬಾಗಿಲಿನಿಂದ ತಿರುಗಿ ಬಂದಳು.

"ಬಾಯೀ, ಆ ಮನಸಿನ ಯಂತ್ರ ಬಂದ ದಿವಸ ಹೇಳಿ ಕಳಸ್ರಿ. ನಮ್ಮ ಸೊಸೀನ್ನ ಕರಕೊಂಡು ಬರ್ತೀನಿ."

೨. ತೆಳ್ಳಗಿನ ಹುಡುಗಿ

ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಊದಿಸಿಕೊಂಡಿದ್ದ ಹುಡುಗಿಗೆ, ಮರುದಿನ ಕೈಯ ಫೋಟೋ ತೆಗೆಯುತ್ತೇವೆ ಎಂದು ಹೇಳಿ ಕಳುಹಿಸಿದ್ದೆವು. ತಾಯಿ ಫೋಟೋ ಎಂಬಷ್ಟನ್ನೇ ಕೇಳಿಸಿಕೊಂಡಿರಬೇಕು. ಹುಡುಗಿ ಜರಿಸೀರೆ ಉಟ್ಟು, ಮೊಗ್ಗಿನ ಜಡೆ ಹಾಕಿಕೊಂಡು, ಊದಿದ ಕೈಗೂ ಪೌಡರ್ ಬಳಿದುಕೊಂಡು ಬಂದಿತು.

ಚಿತ್ರ ನೋಡಿ ತಾಯಿ ಕೇಳಿದಳು: "ಮಾರಿ ಎಲ್ಲಿ ರೀ?"

"ಮುಖಕ್ಕೆ ಪೆಟ್ಟು ಬಿದ್ದಿಲ್ಲವಲ್ಲ," ಎಂದೆ.

ಆಕೆ ಆ ಐದು ಎಲುಬಿನ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. "ಇರಲಿ, ಇದನ್ನ ಕೊಡ್ರಿ. ಗಂಡಿನವರು ಹುಡುಗಿ ತೆಳ್ಳಗಿರಬೇಕು ಅಂತ ಬರದಾರ."

೩. ದೌಂಡದ ಹೆಂಗಸು

ಮನಸ್ಸು ನೋಡುವ ಯಂತ್ರವೆಂಬ ಸುದ್ದಿ ವಾರ್ಡುಗಳಿಗೂ ಹಬ್ಬಿ, ತಿಂಗಳು ಮುಗಿಯುತ್ತ ಬಂದರೂ ಒಂದು ಎದೆಯ ಚಿತ್ರವೂ ಆಗಿರಲಿಲ್ಲ. ಕೊನೆಯ ದಿನ ಬೆಳಗಿನ ಗಾಡಿಗೆ ದೌಂಡದಿಂದ ರೈಲ್ವೆ ಗುಮಾಸ್ತರೊಬ್ಬರ ಹೆಂಡತಿ ಬಂದಳು. ಮೂರು ತಿಂಗಳ ಕೆಮ್ಮು. ಎದೆ ಕೆಟ್ಟಿದ್ದರೆ ಕೂಸನ್ನು ಬಿಟ್ಟು ಕ್ಷಯದ ಆಸ್ಪತ್ರೆಗೆ ಹೋಗಬೇಕು ಎಂದು ಅಲ್ಲಿಯ ವೈದ್ಯರು ಹೇಳಿದ್ದರು. ಅವಳಿಗೆ ಆ ಚಿತ್ರ ಬೇಕಾಗಿತ್ತು. ನನಗಂತೂ ಬೇಕೇ ಆಗಿತ್ತು.

ಎದೆಯ ಮೇಲೆ ಲೋಹ ಇರಕೂಡದು ಎಂದೆ. ಸರ ತೆಗೆದಳು. ತಾಳಿಯ ಹತ್ತಿರ ಬಂದಾಗ ಕೈ ನಿಂತಿತು.

"ಇದು ಬಿಚ್ಚಂಗಿಲ್ರಿ. ಅವರು ಹೊರಗ ಕೂತಾರ."

"ಎರಡೇ ನಿಮಿಷ," ಎಂದು ಗಡಿಯಾರ ತೋರಿಸಿದೆ.

"ಎರಡು ನಿಮಿಷದಾಗ ಏನರೆ ಆದ್ರ?"

ಕಾನ್ವೆಂಟಿನಲ್ಲಿ ವಿಜ್ಞಾನಕ್ಕೆ ನನಗೆ ಬಹುಮಾನ ಬಂದಿತ್ತು. ಇದಕ್ಕೆ ಉತ್ತರ ಆ ಪುಸ್ತಕದಲ್ಲಿರಲಿಲ್ಲ. ವರಾಂಡದಲ್ಲಿದ್ದ ಯಜಮಾನರನ್ನೇ ಕೇಳಿದೆ.

"ಬಿಚ್ಚಲಿ ರೀ. ನಾನು ಅವೆಲ್ಲ ನಂಬಂಗಿಲ್ಲ," ಎಂದರು. ನಾನು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗಿದರು. "ಬಾಯೀ, ಬ್ಯಾಡ ಬಿಡ್ರಿ. ಸಂಜೀಕ ಹಳಿ ದಾಟಿ ಮನೀಗೆ ಹೋಗೋದದ."

ನಾನು ನೇರವಾಗಿ ಅಡಿಗೆಮನೆಗೆ ಹೋದೆ. ಒಂದು ಅರಿಷಿಣದ ಕೊಂಬು, ಒಂದು ಮೊಳ ದಾರ. ಮೊದಲು ಅದನ್ನು ಅವಳ ಕೊರಳಿಗೆ ಕಟ್ಟಿಸಿ, ಆಮೇಲೆ ಬಂಗಾರದ್ದನ್ನು ತೆಗೆಸಿದೆ. ಕೊರಳು ಒಂದು ಕ್ಷಣವೂ ಬರಿದಾಗಲಿಲ್ಲ. "ಇದು ನಡೀತದ," ಎಂದು ಅವಳೇ ಹೋಗಿ ಯಂತ್ರದ ಮುಂದೆ ನಿಂತಳು.

ನಮ್ಮ ದೊಡ್ಡ ಡಾಕ್ಟರು ಮದುವೆಯಾಗದ ಇಂಗ್ಲಿಷ್ ಮಹಿಳೆ. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಎದೆ ಸ್ವಚ್ಛವಾಗಿದೆ. ಬರೀ ಕೆಮ್ಮು, ಮನೆಗೆ ಹೋಗಬಹುದು." ಸಮಿತಿಯ ಕಾಗದಕ್ಕೆ ಯಂತ್ರ ಇಲ್ಲೇ ಇರಲಿ ಎಂದು ಸಹಿ ಮಾಡಿದರು. ಮತ್ತೊಮ್ಮೆ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದರು. "ಮೇಟ್ರನ್, ಇಲ್ಲಿ ನಡುವೆ ಬೆರಳಿನಂಥ ನೆರಳು, ಏನಿದು?"

ಸುಳ್ಳು ಹೇಳುವುದನ್ನು ಕಾನ್ವೆಂಟಿನಲ್ಲಿ ನಮಗೆ ಕಲಿಸಿರಲಿಲ್ಲ. "ಅದು ರೋಗವಲ್ಲ ಡಾಕ್ಟರ್," ಎಂದೆ. "ಅವಳ ಗಂಡ."

ಡಾಕ್ಟರರ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ನೋವು ಕೊಡುತ್ತದೆಯೇ, ಕೇಳಿ."

ಕೇಳಿದೆ. ಅವಳು ವರಾಂಡದತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಒಮ್ಮೊಮ್ಮೆ ರೀ."