ಒಂದು ಪಿನ್ನಿಗೆ ಒಂದೇ ಪಿನ್ನು

ಒಂದು ಪಿನ್ನಿಗೆ ಒಂದೇ ಪಿನ್ನು. ತನ್ನ ಪಿನ್ನನ್ನು ತಾನೇ ಕೊಟ್ಟು, ತನಗೆ ಬೇಕಾದ್ದನ್ನು ತಾನೇ ಕೇಳಬೇಕು. ಕೌಂಟರಿನವರು ಯಾರಿಗೂ ಇಲ್ಲ ಅನ್ನುವಂತಿಲ್ಲ. ಬಂದವರು ಮಾತ್ರ, ಮನಸ್ಸಿಲ್ಲದಿದ್ದರೆ, ಇಲ್ಲ ಅನ್ನಬಹುದು.

ನಿಯಮ ಇಷ್ಟೇ. ಬರೆದವನು ನಾನು. ಅಕ್ಷರ ಸ್ವಲ್ಪ ಓರೆಯಾಗಿದೆ ಎಂದು ಬೋರ್ಡನ್ನು ಎರಡನೆಯ ಸಲ ಬರೆಸಿದವನೂ ನಾನೇ. ಅಷ್ಟು ನೆಟ್ಟಗೆ ನಿಂತ ಅಕ್ಷರಗಳ ಎದುರಿಗೇ, ಹಾಡುಹಗಲಲ್ಲಿ, ನಗುನಗುತ್ತ ಜನ ಅದನ್ನು ಮುರಿಯುವುದನ್ನು ಒಂದು ಇಡೀ ಬೇಸಗೆ ನೋಡಿದೆ. ಒಂದು ತಂಟೆ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ತಂಟೆ ಗೇಟಿನಲ್ಲಿ ಟಿಕೇಟು ತೆಗೆದುಕೊಳ್ಳುತ್ತಿರುತ್ತಿತ್ತು.

ಕೋಟೇಶ್ವರ ದಾಟಿ ಬ್ರಹ್ಮಾವರದ ಕಡೆ ಹೋಗುವಾಗ ಹೆದ್ದಾರಿಯ ಬದಿಗೆ ನಮ್ಮ ಪಾರ್ಕು. ನೀರಿನ ಜಾರುಬಂಡೆ, ಮೇಲೆ ಕೆಳಗೆ ತಿರುಗುವ ದೊಡ್ಡ ತೊಟ್ಟಿಲು, ಒಂದು ಪುಟ್ಟ ರೈಲು. ನಾನು ಅಲ್ಲಿಯ ಮ್ಯಾನೇಜರು. ಹೊರಗೆ ಹೋಗುವ ದಾರಿಯಲ್ಲಿ ಆಟಿಕೆ ಅಂಗಡಿ. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬರುವ ತಂದೆತಾಯಿ ಆ ಅಂಗಡಿ ಬಂದಾಗ ಮಗುವಿನ ಕೈ ಹಿಡಿದು ಓಡುವ ಹಾಗೆ ನಡೆಯುತ್ತಿದ್ದರು. ಮಗು ಕುತ್ತಿಗೆ ತಿರುಗಿಸಿ ಗಾಜನ್ನು ನೋಡುತ್ತಲೇ ಗೇಟು ದಾಟುತ್ತಿತ್ತು. ದಿನಾ ಅದನ್ನು ನೋಡುವುದು ನನ್ನಿಂದಾಗಲಿಲ್ಲ.

ಅದಕ್ಕೇ ಈ ಪಿನ್ನು. ಸೋಡಾ ಮುಚ್ಚಳಕ್ಕಿಂತ ತುಸು ದೊಡ್ಡ ತಗಡಿನ ಬಿಲ್ಲೆ; ಮುಂದೆ ಬಂಗುಡೆ ಮೀನು, ದೋಣಿ, ಕಂಬಳದ ಕೋಣ, ಯಕ್ಷಗಾನದ ಕಿರೀಟ, ಕಡಲಾಮೆ, ಹೀಗೆ ಒಂದು ಚಿತ್ರ; ಹಿಂದೆ ಚುಚ್ಚಿಕೊಳ್ಳುವ ಪಿನ್ನು. ಟಿಕೇಟಿನ ಜೊತೆ ಪ್ರತಿ ಮಗುವಿಗೂ ಒಂದು ಪುಕ್ಕಟೆ. ಸಿಕ್ಕಿದ್ದು ಇಷ್ಟವಾಗದಿದ್ದರೆ ಕೌಂಟರಿನ ಹಲಗೆಯ ಮೇಲಿರುವ ಪಿನ್ನುಗಳ ಜೊತೆಗೋ, ಬೇರೆ ಮಕ್ಕಳ ಜೊತೆಗೋ ಬದಲಾಯಿಸಬಹುದು. ಮುಂದಿನ ಸಲ ಬರುವಾಗ ಅದನ್ನೇ ತಂದು ಮತ್ತೆ ಬದಲಾಯಿಸಬಹುದು. ಗಾಜಿನ ಆಚೆಯದು ಸಿಗದ ಮಗುವಿಗೂ ಏನೋ ಒಂದನ್ನು ಕೂಡಿಸಿಡುವ ಸುಖ.

ಪಾರ್ಕಿನ ಮಾಲೀಕರು, ನಮ್ಮ ಧನಿ, ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು. "ಇದ್ರಂಗೆ ನಮ್ಗೆ ಎಂತ ಸಿಕ್ಕತ್ತ್ ಮಾರಾಯ್ರೆ?" ಅಂದರು.

"ಮಕ್ಕಳು ಪುನಃ ಬರುತ್ತಾರೆ."

"ಗೊಂಬೆ ಹಿಡಿಯುವ ಯಂತ್ರ ಇಟ್ರೂ ಬತ್ತೊ. ದುಡ್ಡೂ ಹಾಕ್ತೊ."

ಕೊನೆಗೆ ಒಪ್ಪಂದವಾಯಿತು. ಬೇಸಗೆ ರಜೆಗೆ ಹಲಗೆಗೆಂದು ಒಂದು ಚೀಲ ಪಿನ್ನು. ಶಾಲೆ ಶುರುವಾಗುವ ಮೊದಲೇ ಹಲಗೆ ಖಾಲಿಯಾದರೆ ಕೌಂಟರು ಕಿತ್ತು ಅಲ್ಲಿ ಯಂತ್ರ. ನಾನು ಕೂಡಲೇ ಒಪ್ಪಿದೆ. ಒಂದು ಕೊಟ್ಟು ಒಂದು ತೆಗೆದುಕೊಂಡರೆ ಹಲಗೆ ಖಾಲಿಯಾಗುವುದಾದರೂ ಹೇಗೆ? ಇದು ಗಣಿತ. ನಾನು ಗಣಿತವನ್ನು ನಂಬಿದೆ. ಊರಿನವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೊಸರು

ಮೊದಲ ವಾರವೇ ಉಪ್ಪುಂದದ ಕಡೆಯಿಂದ ಮೀನು ಮಾರುವ ಹೆಂಗಸೊಬ್ಬರು ಮನೆಯವರನ್ನೆಲ್ಲ ಕಟ್ಟಿಕೊಂಡು ಬಂದರು. ಮೊಮ್ಮಗಳ ಕಿರೀಟ ಕೊಟ್ಟು ದೋಣಿ ತೆಗೆದುಕೊಂಡರು. ಮೊಮ್ಮಗಳ ಕೈಯಲ್ಲಿ ಕೊಡಿಸಬೇಕು ಎಂದು ನಾನು ಹೇಳುವುದರೊಳಗೆ ಎಲ್ಲ ಮುಗಿದಿತ್ತು. ಆದರೂ ಹೋಗಲಿಲ್ಲ. ಅಲ್ಲೇ ನಿಂತರು.

"ಮತ್ತೆ?" ಅಂದರು.

"ಮತ್ತೇನು?"

"ಕೊಸರ್?"

ನಾನು ಬೋರ್ಡು ತೋರಿಸಿದೆ. ಅವರು ಸೊಂಟಕ್ಕೆ ಕೈ ಇಟ್ಟರು. "ಹ್ವಾಯ್, ನಾನ್ ಬುಟ್ಟಿ ಹೊರೂಕೆ ಶುರು ಮಾಡ್ದಲ್ಲಿಂದ ಲೆಕ್ಕದಷ್ಟೇ ಮೀನ್ ತಕಂಡ್ ಸುಮ್ನೆ ಹೋದವ್ರನ್ನ ಒಬ್ರನ್ನೂ ಕಾಣ್ಲಿಲ್ಲ. ಒಂದ್ ಮೇಲ್ ಹಾಕ್, ಒಂದ್ ಮೇಲ್ ಹಾಕ್, ಇದೇ. ನಿಮ್ಮಂಥ ಪ್ಯಾಂಟ್ ಹಾಕ್ದವ್ರೇ ಜಾಸ್ತಿ. ಇವತ್ತ್ ಒಂದ್ ದಿನ ನಾನ್ ಗಿರಾಕಿ. ಹಾಕಿ, ಒಂದ್ ಮೇಲೆ."

ಹಿಂದಿನ ಸಾಲಿನವರಿಗೆ ಆವೇಶ ಬಂತು. "ಹೌದಲೆ, ಕೊಸರಿಲ್ದೇ ಎಂತ ವ್ಯಾಪಾರ?"

ನಾನು ತಾಳ್ಮೆಯಿಂದ, ಒಂದೊಂದೇ ಪದ ಬಿಡಿಸಿ ಹೇಳಿದೆ. "ಅಮ್ಮಾ, ಇದು ವ್ಯಾಪಾರವೇ ಅಲ್ಲ."

"ಹಾಂಗಾರೆ ಪುಕ್ಕಟೆಯಾ?" ಅವರ ಮುಖ ಅರಳಿತು. "ಎರಡ್ ಹಾಕಿ."

ನೆಂಟರು

ಕೌಂಟರಿನಲ್ಲಿ ಮೊದಲು ಕೂರಿಸಿದ್ದು ಶಂಕರನಾರಾಯಣ ಎಂಬ ಊರಿನ ಒಬ್ಬ ಹುಡುಗಿಯನ್ನು. ಡಿಗ್ರಿ ಓದಿದವಳು, ಚುರುಕು. ಸಂಜೆ ನೋಡಿದರೆ ಹಲಗೆಯ ಒಂದು ಮೂಲೆ ಬೋಳಾಗಿದೆ.

"ಏನಾಯಿತು?"

"ನಮ್ಮ ಅತ್ತೆ ಕಡೆಯವ್ರ್ ಬಂದಿದ್ರ್ ಸರ್."

"ಬರಲಿ. ಪಿನ್ನು ಕೊಟ್ಟು ಪಿನ್ನು ತೆಗೆದುಕೊಳ್ಳಲಿ."

"ನೆಂಟ್ರ್ ಹತ್ರ ತಕಂಬುದ್ ಹ್ಯಾಂಗೆ ಸರ್? ನಾಳೆ ಮನೆಂಗೆ ಎಂತ ಹೇಳ್ತ್ರ್?"

ನೆಂಟರು ಎಷ್ಟಿದ್ದರೂ ಮುಗಿಯಬೇಕಲ್ಲ ಎಂದುಕೊಂಡೆ. ಮುಗಿಯಲಿಲ್ಲ. ನಮ್ಮಲ್ಲಿ ಅಪರಿಚಿತರು ಕೇಳುವ ಮೊದಲ ಪ್ರಶ್ನೆ "ನಿಮ್ದ್ ಯಾವೂರ್?", ಎರಡನೆಯದು "ಯಾರ ಮನೆ?". ಮೂರನೆಯದು ಪ್ರಶ್ನೆಯಲ್ಲ, "ಹಾಂಗಾರೆ ನೀವ್ ನಮ್ಗೆ ಚಿಕ್ಕಮ್ಮ ಆಯ್ಕ್" ಎಂಬ ತೀರ್ಪು. ತೀರ್ಪಿನ ಹಿಂದೆಯೇ ಪಿನ್ನು. ಹುಡುಗಿಯನ್ನು ಲಾಕರ್ ಕೋಣೆಯ ಕೆಲಸಕ್ಕೆ ಹಾಕಿ, ಬ್ರಹ್ಮಾವರದ ಒಬ್ಬ ಗಂಭೀರ ಮನುಷ್ಯರನ್ನು ಕೂರಿಸಿದೆ. ಅವರು ಮಧ್ಯಾಹ್ನದವರೆಗೆ ಬಿಗಿಯಾಗಿ ನಿಂತರು. ಊಟ ಮುಗಿಯುವಷ್ಟರಲ್ಲಿ ಹೆಂಡತಿಯ ತವರಿನವರು ವ್ಯಾನಿನಲ್ಲಿ ಬಂದಿಳಿದರು.

ಆಗ ನನಗೊಂದು ಉಪಾಯ ಹೊಳೆಯಿತು. ತೊಟ್ಟಿಲು ನಡೆಸುವ ತಂಡದಲ್ಲಿ ಅಸ್ಸಾಮಿನಿಂದ ಬಂದ ಒಬ್ಬನಿದ್ದ. ಈ ಜಿಲ್ಲೆಯಲ್ಲಿ ಅವನಿಗೆ ಹುಟ್ಟಿನಿಂದ ಒಬ್ಬ ನೆಂಟನೂ ಇಲ್ಲ. ಅವನನ್ನು ಕೂರಿಸಿದೆ. ಕೆಲವು ದಿನ ಹಲಗೆ ತುಂಬಿಯೇ ಇತ್ತು. ಆಮೇಲೊಂದು ದಿನ ರೈಲಿನ ಆಚೆಯಿಂದ ಅವನ ದನಿ ಕೇಳಿತು: "ಹ್ವಾಯ್ ಭಾವಾ, ಹಿಡ್ಕಣಿ! ನಿಮ್ ಪಿನ್ ಬ್ಯಾಡ, ನೀವೇ ಇಟ್ಕಣಿ!"

ಕರೆದು ಕೇಳಿದೆ, ಅವರು ನಿನಗೆ ಭಾವ ಆದದ್ದು ಯಾವ ಲೆಕ್ಕದಲ್ಲಿ?

ಅವನು ನಾಚಿಕೊಂಡ. "ಹುಡ್ಕ್ರೆ ಸಂಬಂಧ ಎಲ್ಲಾದ್ರೂ ಸಿಕ್ಕತ್ತಂಬ್ರ್ ಸರ್."

ನೆರಿಗೆ

ಪಿನ್ನು ಮಾಡಿಕೊಟ್ಟ ಉಡುಪಿಯ ಅಚ್ಚಿನವರು ಬಿಲ್ಲೆಯ ಹಿಂದೆ ಹಾಕಿದ್ದು ಸೀರೆಪಿನ್ನಿನಂಥದ್ದೇ ಪಿನ್ನು, ಗಟ್ಟಿಯಾದದ್ದು. ನಾನು ಅದರ ಮುಂಭಾಗವನ್ನು ನೋಡಿದ್ದೆ. ನಮ್ಮ ತಾಲೂಕಿನ ಹೆಂಗಸರು ಹಿಂಭಾಗವನ್ನು ನೋಡಿದರು.

ಮಹಿಳಾ ಸಂಘದವರ ಒಂದು ಬಸ್ಸು ಬಂದು ಹೋದ ಮೇಲೆ ಮಕ್ಕಳ ಅಂಗಿಯಲ್ಲಿ ಒಂದೂ ಪಿನ್ನಿರಲಿಲ್ಲ. ತಾಯಂದಿರ ನೆರಿಗೆಗಳು ಮಾತ್ರ ಬಹಳ ಅಚ್ಚುಕಟ್ಟಾಗಿದ್ದವು. ಚಿತ್ರವೆಲ್ಲ ಒಳಗೆ, ಪಿನ್ನೆಲ್ಲ ಹೊರಗೆ. "ಚಿತ್ರ ಕಾಣುವುದೇ ಇಲ್ಲವಲ್ಲಮ್ಮ" ಅಂದರೆ, "ಚಿತ್ರ ತಕಂಡ್ ಎಂತ ಮಾಡುದ್? ಪಿನ್ ಲಾಯ್ಕ್ ಇತ್ತ್" ಅಂದರು. ಕ್ಯಾಂಟೀನಿನ ಅಡುಗೆಯವರ ಪಂಚೆಯಲ್ಲಿ ಕೋಣ ಸಿಕ್ಕಿತು. ಈಜುಕೊಳ ಕಾಯುವವನ ಚಡ್ಡಿಯ ಇಲಾಸ್ಟಿಕ್ಕು ಸಡಿಲವಾಗಿತ್ತಂತೆ. ಅಲ್ಲಿ ಏನಿತ್ತು ಎಂದು ನಾನು ವಿಚಾರಿಸಲಿಲ್ಲ.

ಆ ನಡುವೆ ಬ್ರಹ್ಮಾವರದ ಕಲ್ಯಾಣ ಮಂಟಪದಲ್ಲಿ ನನ್ನ ಅಣ್ಣನ ಮಗಳ ಮದುವೆ. ಧಾರೆ ಮುಗಿದು ಫೋಟೋದವನು ಬೆಳಕು ಬಿಟ್ಟ. ಮದುಮಗಳ ಹೆಗಲಿನ ಜರಿಯ ಮಡಿಕೆಯಲ್ಲಿ ಏನೋ ಮಿಂಚಿತು. ಬಗ್ಗಿ ನೋಡಿದೆ. ಬಂಗುಡೆ.

ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದೆ. "ಇದು ಪಾರ್ಕಿನ ಪಿನ್ನು. ಇದಕ್ಕೆ ಬದಲು ಪಿನ್ನು ಕೊಟ್ಟವರು ಯಾರು?"

"ಮೆಲ್ಲ ಮಾತಾಡಿ," ಅಂದಳು ಅವಳು, ಫೋಟೋಕ್ಕೆ ನಗುತ್ತಲೇ. "ವರನ ಶಾಲಿನ ಮೇಲೆ ದೋಣಿ ಇತ್ತ್. ಒಂದಕ್ಕೆ ಒಂದ್ ಸಮಾ ಆಯ್ತಲೆ?"

ಕಾಂಬ

ನಿಯಮದ ಕೊನೆಯ ಮಾತಿನ ಮೇಲೆ ನನಗೆ ಬಹಳ ಅಭಿಮಾನವಿತ್ತು. ಬಂದವರು ಇಲ್ಲ ಅನ್ನಬಹುದು. ಯಾರದೋ ಒತ್ತಾಯಕ್ಕೆ ಒಂದು ಮಗು ತನ್ನ ಮೆಚ್ಚಿನದನ್ನು ಕಳೆದುಕೊಳ್ಳಬಾರದು ಎಂದು ಯೋಚಿಸಿ ಬರೆದದ್ದು. ಆದರೆ ನಮ್ಮಲ್ಲಿ ಇಲ್ಲ ಎಂಬ ಪದವನ್ನು ಮುಖ ನೋಡಿ ಹೇಳುವ ಪದ್ಧತಿಯೇ ಇಲ್ಲ. ಅದರ ಬದಲು "ಕಾಂಬ" ಅನ್ನುತ್ತಾರೆ. ನೋಡುವ ಎಂದು ಅರ್ಥ. ನೋಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ. ಹುಬ್ಬಳ್ಳಿಯ ಒಂದು ಕುಟುಂಬ, ಬೈಂದೂರಿನ ಮಗುವಿನ ಬಳಿಯಿದ್ದ ಕೋಣವನ್ನು ಕೇಳಿತು. ಬೈಂದೂರಿನ ತಂದೆ, "ಕಾಂಬ" ಅಂದರು. ಹುಬ್ಬಳ್ಳಿಯವರು ಕಾದರು. ಬೈಂದೂರಿನವರು ಜಾರುಬಂಡೆಗೆ ಹೋದರೆ ಕೆಳಗೆ ಕಾದರು. ಊಟಕ್ಕೆ ಕುಳಿತರೆ ಪಕ್ಕದ ಮೇಜಿನಲ್ಲಿ ಕಾದರು. ಸಂಜೆ ಬೈಂದೂರಿನವರು ಕಾರು ಹತ್ತಿ, ಗಾಜು ಇಳಿಸಿ, ಕೈ ಬೀಸಿ, "ಹಾಂಗಾರೆ ಕಾಂಬ, ಹಾಂ?" ಎಂದು ಹೊರಟರು. ಹುಬ್ಬಳ್ಳಿಯವರು ಬಂದು ನನ್ನ ಮೇಲೆ ಹರಿಹಾಯ್ದರು. "ಏನ್ರೀ, ಮುಂಜಾನಿಂದ ಕೊಡ್ತೀನಿ ಅಂತ ಹೇಳಿ ಹೋಗೇ ಬಿಟ್ರಲ್ಲ!"

ನಾನು ಓಡಿ ಹೋಗಿ ಗೇಟಿನಲ್ಲಿ ಕಾರು ನಿಲ್ಲಿಸಿದೆ. "ಸ್ವಾಮಿ, ಇಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲ? ಬೋರ್ಡಿನಲ್ಲೇ ಬರೆದಿದೆ."

"ಛೆ, ಹಾಂಗೆಲ್ಲ ಮುಖಕ್ಕೆ ಹೊಡ್ದಂಗೆ ಹೇಳುಕಾತ್ತಾ ಮಾರಾಯ್ರೆ?"

"ಮುಂದಿನ ಸಲವಾದರೂ ಹೇಳುತ್ತೀರಾ?"

ಅವರು ಗಾಜು ಏರಿಸುತ್ತ ಅಂದರು: "ಕಾಂಬ."

ಕೆಂಪು ಆಮೆ

ಶಾಲೆ ಶುರುವಾಗಲು ಇನ್ನೂ ಕೆಲವು ದಿನವಿತ್ತು. ಹಲಗೆಯ ಮೇಲೆ ಯಾರಿಗೂ ಬೇಡವಾದ ನಾಲ್ಕಾರು ಕಿರೀಟಗಳು ಉಳಿದಿದ್ದವು. ಯಂತ್ರ ಹೊತ್ತ ಲಾರಿ ಬಂದು ಗೇಟಿನ ಹೊರಗೆ ನಿಂತಿತ್ತು.

ಧನಿ ಅವಸರದಲ್ಲಿ ಬಂದರು. ಪಾರ್ಕಿನ ಹಿಂದಿನ ಜಾಗ ಅವರಿಗೆ ಬೇಕಾಗಿತ್ತು. ಆ ಜಾಗದ ಯಜಮಾನರು ಅಂದು ಮೊಮ್ಮಗನ ಜೊತೆ ಬಂದಿದ್ದರು. ಹುಡುಗ ನೆಲದ ಮೇಲೆ ಉರುಳಾಡಿ ಅಳುತ್ತಿದ್ದ. ಅವನಿಗೆ ಕೆಂಪು ಆಮೆ ಬೇಕು. ಆಮೆ ಹಸಿರಾಗಬೇಕಿತ್ತು, ಅಚ್ಚಿನವರ ತಪ್ಪಿನಿಂದ ಬೆರಳೆಣಿಕೆಯಷ್ಟು ಕೆಂಪಾಗಿ, ಹಲ್ಲು ಕಾಣುವ ಹಾಗೆ ನಗುತ್ತ ಬಂದಿದ್ದವು. ಎಲ್ಲ ಮೊದಲೇ ಖರ್ಚಾಗಿದ್ದವು. ಒಂದೇ ಒಂದು, ಈಜುಕೊಳದ ಬದಿಯ ಬೆಂಚಿನಲ್ಲಿ ಚುರುಮುರಿ ತಿನ್ನುತ್ತ ಕುಳಿತಿದ್ದ ಒಬ್ಬ ಅಜ್ಜಿಯ ಹೆಗಲ ಮೇಲಿತ್ತು. ಅಜ್ಜಿ ಬೈಂದೂರಿನ ಒಳಗಿನ ಒಂದು ಊರಿನವರು; ಅವರ ಮನೆಯವರೆಲ್ಲ ನೀರಿನಲ್ಲಿದ್ದರು.

"ಅದನ್ನ ಹ್ಯಾಂಗಾದ್ರೂ ತಂದ್ ಕೊಡಿ," ಅಂದರು ಧನಿ. "ನಾಳೆಯೇ ಇನ್ನೊಂದ್ ಚೀಲ ಪಿನ್ ಮಾಡ್ಸುವ, ಕೌಂಟರ್ ಇರ್ಲಿ. ಇಲ್ದಿದ್ರೆ ಲಾರಿಯವ ಕಾಯ್ತಾ ಇದ್ದ."

ನಾನು ನಿಯಮದ ಪ್ರಕಾರವೇ ಹೋದೆ. ಹುಡುಗನನ್ನು ಎಬ್ಬಿಸಿ, ಮೂಗು ಒರೆಸಿ, ಅವನ ದೋಣಿಯನ್ನು ಅವನ ಕೈಯಲ್ಲೇ ಹಿಡಿಸಿ, ಅವನಿಂದಲೇ ಕೇಳಿಸಿದೆ.

ಅಜ್ಜಿ ಅವನನ್ನು ನೋಡಿದರು. ದೋಣಿಯನ್ನು ನೋಡಿದರು. "ಇಲ್ಲ ಮಗಾ. ಕೊಡುದಿಲ್ಲ."

ಆ ಒಂದು ಪದಕ್ಕಾಗಿ ನಾನು ಬೇಸಗೆಯಿಡೀ ಕಾದಿದ್ದೆ. ಬಂದದ್ದು ಇಂಥ ದಿನ.

ಧನಿಯ ಬಳಿ ಹೋಗಿ ಹೇಳಿದೆ. "ಅವರಿಗೆ ಮನಸ್ಸಿಲ್ಲ. ಬಂದವರು ಇಲ್ಲ ಅನ್ನಬಹುದು."

"ನಿಮ್ಮ ನಿಯಮ ಒಲೆಗ್ ಹಾಕಿ," ಎಂದು ಧನಿ ತಾವೇ ನಡೆದರು. ಹಲಗೆಯಲ್ಲಿ ಉಳಿದದ್ದೆಲ್ಲ ಕೊಡುತ್ತೇನೆ ಅಂದರು. ಅಜ್ಜಿ ಚುರುಮುರಿಯಲ್ಲಿ ಕಡಲೆ ಹುಡುಕಿದರು. ಇಡೀ ವರ್ಷ ಮನೆಯವರಿಗೆಲ್ಲ ಪುಕ್ಕಟೆ ಪ್ರವೇಶ ಅಂದರು ಧನಿ. "ನಂಗ್ ನೀರಂದ್ರೆ ಆತಿಲ್ಲ," ಅಂದರು ಅಜ್ಜಿ. ಧನಿ ಯೋಚಿಸಿದರು. ಹೋಟೆಲು ನಡೆಸಿದ ತಲೆ. ಗಿರಾಕಿಗೆ ನಿಜವಾಗಿ ಬೇಕಾದದ್ದೇನು ಎಂದು ಹೊಳೆಯಿತು. ಅಂಗಡಿಯಿಂದ ಸೀರೆಪಿನ್ನಿನ ಒಂದು ಇಡೀ ಗೊಂಚಲು ತರಿಸಿ ಅಜ್ಜಿಯ ಮಡಿಲಿಗೆ ಹಾಕಿದರು. "ಕಾಣಿ ಅಜ್ಜಿ, ಸೀರೆ ಎಂತದೂ ಜಾರೂದಿಲ್ಲ. ಇನ್ ಅದನ್ನ ಬಿಚ್ಚಿ."

ಅಜ್ಜಿ ಸೆರಗಿನ ಮಡಿಕೆ ಸ್ವಲ್ಪ ಎತ್ತಿ ತೋರಿಸಿದರು. ಅಡಿಯಲ್ಲಿ ಹಳೆಯ ಸೀರೆಪಿನ್ನೊಂದು ಭದ್ರವಾಗಿ ಕುಳಿತಿತ್ತು. "ಸೀರೆಗೆ ಬೇರೆ ಇತ್ತಲೆ."

"ಮತ್ತೆ ಇದ್ ಎಂತಕ್ಕೆ?"

"ಚೆಂದಕ್ಕೆ."

ಧನಿ ಅರ್ಥವಾಗದವರ ಹಾಗೆ ನನ್ನ ಮುಖ ನೋಡಿದರು. ಇಷ್ಟು ದಿನದಲ್ಲಿ ಪಿನ್ನನ್ನು ಪಿನ್ನಿಗಾಗಿ ಇಟ್ಟುಕೊಂಡವರನ್ನು ನಾನೂ ಮೊದಲ ಸಲ ನೋಡುತ್ತಿದ್ದೆ.

"ಆಮಿ ನಗಾಡುದ್ ಕಾಣಿ," ಅಂದರು ಅಜ್ಜಿ. "ನಂಗ್ ಮನಸ್ಸಿಗ್ ಬಂದಿತ್ತ್."

"ಆಯ್ತಜ್ಜಿ, ಈಗ ಬ್ಯಾಡ. ಊಟ ಮಾಡ್ಕಂಡ್ ಬನ್ನಿ, ಮತ್ತೆ ಮಾತಾಡುವ," ಅಂದರು ಧನಿ.

"ಮಾತಾಡುಕೆ ಎಂತದೂ ಇಲ್ಲ ಮಗಾ."

ಹುಡುಗ ಮತ್ತೆ ನೆಲಕ್ಕೆ ಬಿದ್ದ. ಗೇಟಿನಲ್ಲಿ ಲಾರಿಯವನು ಹಾರ್ನು ಹೊಡೆದ. ಅಜ್ಜಿ ಸೀರೆಪಿನ್ನಿನ ಗೊಂಚಲನ್ನು ಎತ್ತಿ ಧನಿಯ ಕೈಯಲ್ಲಿಟ್ಟರು. ಬೆರಳಿನ ಖಾರವನ್ನು ಬೆಂಚಿಗೆ ಒರೆಸಿ, ಸೆರಗಿನ ತುದಿಯನ್ನು ಬೆನ್ನ ಹಿಂದಿನಿಂದ ಎಳೆದು ತಂದು ಆಮೆಯ ಮೇಲೆ ಪೂರ್ತಿ ಮುಚ್ಚಿ, ಸೊಂಟಕ್ಕೆ ಸಿಕ್ಕಿಸಿ, ನಮಗೆ ಬೆನ್ನು ಹಾಕಿ ಆಚೆ ತಿರುಗಿ ಕುಳಿತರು.