ಉಕ್ಕದ ಬಾದಾಮಿ ಹಾಲು

ಜಕ್ಕೂರಿನಲ್ಲಿ ಮಗಳು ಕೊಂಡ ಹೊಸ ಫ್ಲಾಟಿನ ಗೃಹಪ್ರವೇಶದ ಬೆಳಿಗ್ಗೆ ಒಲೆಯ ಸುತ್ತ ನಿಂತಿದ್ದವರು ನಾಲ್ಕೇ ಜನ. ಮಗಳು ಸುಮಾ, ನನ್ನ ಹೆಂಡತಿ, ಬ್ಯಾಟರಾಯನಪುರದಿಂದ ಬಂದ ದೊಡ್ಡಪ್ಪನ ಹೆಂಡತಿ ದೊಡ್ಡಮ್ಮ, ಹಾಲಿನ ಜವಾಬ್ದಾರಿ ಹೊತ್ತಿದ್ದ ನಾನು. ಮಿಕ್ಕವರೆಲ್ಲ ಹೊರಗೆ ಚಾಪೆಯ ಮೇಲೆ ಕುಳಿತು, ಹಾಲು ಉಕ್ಕಿದ ಮೇಲೆಯೇ ತಿಂಡಿ ಎಂಬ ನಿಯಮಕ್ಕೆ ಕಟ್ಟುಬಿದ್ದು ಕಾಯುತ್ತಿದ್ದರು.

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಮ್ಮದು ಎಮ್ಮೆ ಕಟ್ಟಿ ಬದುಕಿದ ಮನೆತನ. ನನ್ನ ಹೊಟ್ಟೆಗೆ ಮಾತ್ರ ಹಾಲು ಆಗುವುದಿಲ್ಲ. ಅರ್ಧ ಲೋಟ ಕುಡಿದರೆ ಸಾಕು, ಒಳಗೆ ಯಾರೋ ಟ್ರಂಕು ಎಳೆದಾಡಿದಂತೆ ಸದ್ದು. ಹಾಗಾಗಿ ಹಿಂದಿನ ದಿನವೇ ಬಾದಾಮಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ ಆ ಹಾಲು ಕುಡಿಯುತ್ತೇನೆ. ಹೊಟ್ಟೆ ತೆಪ್ಪಗಿರುತ್ತದೆ. ಆದರೆ ಆ ಹಾಲಿಗೆ ಒಗ್ಗಟ್ಟು ಕಡಿಮೆ. ಫ್ರಿಜ್ಜಿನಲ್ಲಿಟ್ಟರೆ ಜಿಡ್ಡೆಲ್ಲ ಮೇಲೆ, ನೀರೆಲ್ಲ ಕೆಳಗೆ, ಜಮೀನು ಪಾಲಾದ ಅಣ್ಣತಮ್ಮಂದಿರ ಹಾಗೆ. ಬಾಟಲಿ ಕುಲುಕಿದರೆ ಮದುವೆ ಫೋಟೋಗೆ ನಿಂತವರಂತೆ ಐದು ನಿಮಿಷ ಒಂದಾಗುತ್ತವೆ, ಅಷ್ಟೇ.

ಉಕ್ಕಿಸಿದ ಹಾಲನ್ನು ಮನೆಯವರೆಲ್ಲ ಒಂದೊಂದು ಗುಟುಕು ಕುಡಿಯಬೇಕಲ್ಲ. ನಾನೂ ಧೈರ್ಯವಾಗಿ ಕುಡಿಯೋಣವೆಂದು, ಯಾರಿಗೂ ಹೇಳದೆ, ನನ್ನ ಬಾಟಲಿಯನ್ನೇ ಚೆನ್ನಾಗಿ ಕುಲುಕಿ ಪಾತ್ರೆಗೆ ಸುರಿದಿದ್ದೆ. ರಾಹುಕಾಲಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ಹಾಲು ಕಾಯಿತು, ಉಕ್ಕಲಿಲ್ಲ. ತರಿತರಿಯಾಯಿತು, ಮೇಲೆ ಎಣ್ಣೆಯ ಚುಕ್ಕೆಗಳು ತೇಲಿದವು, ತಳ ಹಿಡಿಯಿತು.

"ಅಪ್ಪಾ, ಹಾಲು ಒಡೀತು!" ಎಂದ ಸುಮಾಳ ಕಣ್ಣಲ್ಲಿ ನೀರು. ಹೊಸ ಮನೆಯಲ್ಲಿ ಮೊದಲ ಹಾಲೇ ಒಡೆದರೆ ಅವಳ ಅತ್ತೆ ಮನೆಯವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಬೇರೆ ದಾರಿಯಿಲ್ಲದೆ ನಿಜ ಹೇಳಿದೆ.

"ನಿಮ್ಮ ಹೊಟ್ಟೆ ಇವತ್ತೊಂದಿನ ಸುಮ್ನಿರ್ತಿರ್ಲಿಲ್ವೇನ್ರೀ?" ಎಂದಳು ಹೆಂಡತಿ.

ದೊಡ್ಡಮ್ಮ ಸೌಟಿನಿಂದ ಕಲಕಿ ಮೂಸಿ ನೋಡಿದರು. "ಬೀಜದ ನೀರೇನ್ಲಾ ಇದು?"

"ಹೂಂ ದೊಡ್ಡಮ್ಮ, ಬಾದಾಮಿ."

"ಅಸೂನ ಕರೀಲಿಲ್ಲ, ಎಮ್ಮೇನ ಕರೀಲಿಲ್ಲ. ಆಲೇ ಅಲ್ದಿದ್ಮೇಲೆ ಒಡ್ಯೋದೆಂಗೆ? ಅಳ್ಬ್ಯಾಡ ಕಣವ್ವ. ಏಯ್, ನೀನು ಅಂಗ್ಡಿಗೋಗಿ ಒಂದ್ ಪ್ಯಾಕೆಟ್ ಆಲು ತಗೊಂಬಾ, ಓಡು!"

ಓಡಿದೆ. ರಾಹುಕಾಲಕ್ಕೆ ಎರಡು ನಿಮಿಷವಿರುವಾಗ ಪ್ಯಾಕೆಟ್ ಹಾಲು ಧಾರಾಳವಾಗಿ ಉಕ್ಕಿ ಒಲೆಯನ್ನೆಲ್ಲ ತೊಳೆಯಿತು. ದೊಡ್ಡಮ್ಮ ಮೊದಲ ಲೋಟ ನನ್ನ ಕೈಗೇ ಕೊಟ್ಟರು. ಶಿಕ್ಷೆ ಎಂದುಕೊಂಡು ಕುಡಿದೆ.

ವಾರದ ಮೇಲೆ ದೊಡ್ಡಮ್ಮನ ಫೋನ್ ಬಂತು. ದನಿ ತಗ್ಗಿಸಿ, "ಆಲು ಕುಡುದ್ರೆ ನಂಗೂ ಒಟ್ಟೆ ಉಬ್ಬರಿಸ್ತದೆ ಕಣ್ಲಾ, ಮೂವತ್ತು ವರ್ಷದಿಂದ. ಎಮ್ಮೆ ಕಟ್ಟಿದ ಮನೇಲಿ ಯಾರ್ ತಾವ ಏಳ್ಲಿ? ಆ ಬೀಜದ ನೀರು ಒಂದ್ ಬಾಟ್ಲಿ ತಂದ್ಕೊಡು, ಸೊಸೇರಿಗೆ ಗೊತ್ತಾಗ್ಬಾರ್ದು" ಎಂದರು. ದಿನಾ ಬೆಳಿಗ್ಗೆ ಒಯ್ದು ಕೊಡತೊಡಗಿದೆ. ಮೊನ್ನೆ ಅವರ ಹಿರಿಯ ಸೊಸೆ ಗೇಟಿನಲ್ಲಿ ನನ್ನನ್ನು ತಡೆದು, "ಭಾವ, ನಂಗೂ ಒಂದ್ ಬಾಟ್ಲಿ ತರ್ತೀರಾ? ಅತ್ತೆಗೆ ಮಾತ್ರ ಹೇಳ್ಬೇಡಿ" ಎಂದಳು. ಈಗ ಎರಡು ಬಾಟಲಿಗಳನ್ನೂ ಟವೆಲಿನಲ್ಲಿ ಬೇರೆಬೇರೆ ಸುತ್ತಿಕೊಂಡು ಹೋಗುತ್ತೇನೆ, ಒಂದಕ್ಕೊಂದು ತಾಗಿ ಸದ್ದಾಗದಿರಲೆಂದು.