ಅರ್ಧಕ್ಕಿಳಿದ ದೂರ

ನಮ್ಮ ನಗರಕ್ಕೂ ಸಮುದ್ರದಾಚೆಯ ಬಂದರು ನಗರಕ್ಕೂ ನಡುವಿನ ದೂರವನ್ನು ಸರ್ಕಾರವು ಅರ್ಧಕ್ಕೆ ಇಳಿಸಿದೆ. ವಿಮಾನದಲ್ಲಿ ಹತ್ತು ಗಂಟೆ ಹಿಡಿಯುತ್ತಿದ್ದ ಹಾದಿಗೆ ಇನ್ನು ಮುಂದೆ ಐದೇ ಗಂಟೆ. ಈ ಸಾಧನೆಗೆ ಕಾರಣ ನಮ್ಮ ದೂರ ನಿಗದಿ ಇಲಾಖೆಯ ನಿರ್ದೇಶಕರು. ಅವರಿಗೊಂದು ಪ್ರತ್ಯೇಕ ಕೋಣೆ ಬೇಕಾಗಿತ್ತು.

ನಮ್ಮಲ್ಲಿ ದೂರ ಅಳೆಯುವುದು ಗೋಡೆಯ ನಕ್ಷೆಯ ಮೇಲೆ ದಾರ ಹಿಡಿದು. ಕೋಣೆಗಾಗಿ ಹಲಗೆಯ ಅಡ್ಡಗೋಡೆ ಎದ್ದಾಗ ಹಳೆಯ ನಕ್ಷೆಗೆ ಜಾಗ ಸಾಲಲಿಲ್ಲ. ಅದರ ಅರ್ಧದಷ್ಟಿದ್ದ ಇನ್ನೊಂದನ್ನು ತಂದು ನೇತುಹಾಕಿದೆವು. ವಾರ್ಷಿಕ ಅಳತೆಯ ದಿನ ದಾರ ಅರ್ಧವೇ ಸಾಕಾಯಿತು. ಹೀಗೆ ಹಾವೂ ಸಾಯದೆ, ಕೋಲೂ ಮುರಿಯದೆ ದೂರ ಕಡಿಮೆಯಾಯಿತು. ಮಂತ್ರಿಗಳು ಬಂದು ದಾರದ ಜೊತೆ ಫೋಟೋ ತೆಗೆಸಿಕೊಂಡರು.

ತೊಂದರೆಯಾದದ್ದು ನಮ್ಮ ಬೆರಳಚ್ಚುಗಾರ್ತಿಯೊಬ್ಬರಿಗೆ ಮಾತ್ರ. ಬಂದರು ನಗರದಲ್ಲಿದ್ದ ಮಗಳಿಗೆ ಚೊಚ್ಚಲ ಹೆರಿಗೆ. ಆ ಹೊತ್ತಿಗೆ ಕೈ ಹಿಡಿದುಕೊಂಡು ಪಕ್ಕದಲ್ಲೇ ಇರುತ್ತೇನೆಂದು ಅವರು ಮಾತು ಕೊಟ್ಟಿದ್ದರು. ನಮ್ಮ ಇಲಾಖೆಯಲ್ಲಿ ರಜೆ ಕೊಡುವುದು ದೂರಕ್ಕೆ ತಕ್ಕಷ್ಟು. ಪಾಪ, ಆ ಹೆಂಗಸಿನ ರಜೆಯೂ ಅರ್ಧಕ್ಕಿಳಿಯಿತು.

“ಸಾರ್, ದೂರ ಕಮ್ಮಿ ಆಗಿರೋದು ವಿಮಾನಕ್ಕೆ ಗೊತ್ತಿಲ್ವಲ್ಲ?”

“ಅದಕ್ಕೇನಮ್ಮ, ಸುತ್ತೋಲೆ ಕಳಿಸಿದೀವಿ,” ಎಂದರು ನಿರ್ದೇಶಕರು. “ಕಾನೂನು ಅಂದ್ಮೇಲೆ ವಿಮಾನಕ್ಕೂ ಒಂದೇ, ನಿಮಗೂ ಒಂದೇ. ನಿಶ್ಚಿಂತೆಯಾಗಿ ಹೋಗ್ಬನ್ನಿ.”

ವಿಮಾನದವರು ಸುತ್ತೋಲೆಯನ್ನು ಚಾಚೂ ತಪ್ಪದೆ ಪಾಲಿಸಿದರು. ಹೊರಟು ಐದು ಗಂಟೆಯಾದ ಕೂಡಲೇ, ಕೆಳಗೆ ನೀರು ಬಿಟ್ಟರೆ ಬೇರೇನೂ ಇಲ್ಲದ ಕಡೆ, ಘೋಷಣೆಯಾಯಿತು: “ಮಾನ್ಯ ಪ್ರಯಾಣಿಕರೇ, ನಾವೀಗ ಬಂದರು ನಗರವನ್ನು ತಲುಪಿದ್ದೇವೆ. ತಾಂತ್ರಿಕ ಕಾರಣಗಳಿಂದ ಬಾಗಿಲು ತೆರೆಯುವುದು ಸ್ವಲ್ಪ ತಡವಾಗಲಿದೆ. ಸಹಕರಿಸಬೇಕಾಗಿ ವಿನಂತಿ.”

ತಲುಪಿದ ಮೇಲೆ ಕೂತಿರಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಎಲ್ಲರೂ ದಡಬಡ ಎದ್ದು, ಚೀಲ ಇಳಿಸಿಕೊಂಡು, ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತರು. ಕೂಸು ಹುಟ್ಟುವ ಮುಂಚೆಯೇ ಹೊಲಿದಿದ್ದ ಕುಲಾವಿಯನ್ನು ಎದೆಗವಚಿಕೊಂಡು ಬೆರಳಚ್ಚುಗಾರ್ತಿಯೂ ನಿಂತರು.

“ತಳ್ಳಬೇಡಿ ತಾಯಿ,” ಎಂದರು ಮುಂದಿದ್ದ ಯಜಮಾನರು. “ಬಾಗಿಲು ತೆಗೆದ್ರೆ ಇಳಿಯೋದೇ.”

ಉಳಿದ ಐದು ಗಂಟೆ ಆಕಾಶದಲ್ಲಿ ನಿಂತೇ ಕಳೆದರೂ ಯಾರೂ ಗೊಣಗಲಿಲ್ಲ. ಇಷ್ಟು ಬೇಗ ಬಂದು ಮುಟ್ಟಿದ ಸಂತೋಷ ಎಲ್ಲರಿಗೂ ಇತ್ತು.

ಅತ್ತ ನಿಲ್ದಾಣದಲ್ಲಿ ಅಳಿಯ, ವಿಮಾನ ಬಂದಿದೆಯೆಂದು ಬೋರ್ಡಿನಲ್ಲಿ ಓದಿ, ಅತ್ತೆಗಾಗಿ ಕಾದು ಕಾದು ಆಸ್ಪತ್ರೆಗೆ ಹಿಂತಿರುಗಿದ. ಅಷ್ಟರಲ್ಲಿ ಹೆಣ್ಣುಮಗು ಹುಟ್ಟಿತ್ತು.

ತಾಯಿ ಏದುಸಿರು ಬಿಡುತ್ತಾ ಒಳಗೆ ಬಂದಾಗ ಮಗಳು ಮುಖ ತಿರುಗಿಸಿದಳು. “ಬರ್ತೀನಿ ಅಂದಿದ್ಯಲ್ಲಮ್ಮ. ಎಷ್ಟು ಕೂಗಿದೆ ಗೊತ್ತಾ?”

ತಾಯಿಯ ಕಣ್ಣು ತುಂಬಿ ಬಂತು. “ಬಂದಿದ್ದೆ ಕಣೇ. ಬಾಗಿಲು ತೆಗೀಲಿಲ್ಲ.”

“ಸುಳ್ಳಲ್ಲ,” ಎಂದ ಅಳಿಯ. “ಬೋರ್ಡಲ್ಲಿ ನಾನೇ ನೋಡ್ದೆ. ಅತ್ತೆ ಆಗ ಈ ಊರಲ್ಲೇ ಇದ್ರು.”

ಮಗಳು ಮತ್ತೆ ತಾಯಿಯ ಕಡೆ ತಿರುಗಿದಳು. “ಹೌದೇನೋ. ಅದಕ್ಕೇ ಕೊನೇಲಿ ಸ್ವಲ್ಪ ಧೈರ್ಯ ಬಂದ ಹಾಗಾಯ್ತು,” ಎಂದು ಕೈ ಚಾಚಿದಳು.

ತಾಯಿ ಆ ಕೈ ಹಿಡಿಯುವಷ್ಟರಲ್ಲಿ ರಜೆ ಮುಗಿಯಿತು. ಕುಲಾವಿ ಕೊಟ್ಟು, ಕೂಸಿನ ಮುಖ ನೋಡಿ, ಅವರು ವಾಪಸು ವಿಮಾನಕ್ಕೆ ಓಡಿದರು. ದೂರ ಇಷ್ಟು ಕಮ್ಮಿಯಾಗಿರುವಾಗ ಯಾವಾಗ ಬೇಕಾದರೂ ಬರಬಹುದಲ್ಲ ಎಂದು ಮೂವರೂ ಸಮಾಧಾನಪಟ್ಟುಕೊಂಡರು.